ನಾಬಿನ ಪೆಟ್ಟಿಗೆ

ಇಂಗ್ಲೆಂಡಿನಿಂದ ಆ ಪತ್ರ ಅಫಜಲಪುರಕ್ಕೆ ಬಂದದ್ದು ೧೯೯೫ರ ಆಗಸ್ಟ್ ೨೧ರಂದು, ಸೋಮವಾರ. ಪತ್ರವಿದ್ದದ್ದು ಪೀರಪ್ಪನ ಹೆಸರಿಗೆ. ವಿಳಾಸ ಮಾತ್ರ ಬಸ್ ನಿಲ್ದಾಣದ ಎದುರಿನ ರೇಡಿಯೊ ರಿಪೇರಿ ಅಂಗಡಿಯದು. ಅಂಗಡಿಯ ಮಾಲೀಕ ಕಲ್ಯಾಣಪ್ಪ ಅದನ್ನು ಒಡೆಯದೆ ಜೇಬಿನಲ್ಲಿಟ್ಟುಕೊಂಡ. ಹನ್ನೊಂದಕ್ಕೆ ಕರೆಂಟು ಹೋಯಿತು. ಬೆಸುಗೆ ಕಡ್ಡಿ ತಣ್ಣಗಾಗುವವರೆಗೆ ಕಾದು, ಅಂಗಡಿಯ ಒಂದು ಬಾಗಿಲು ಎಳೆದು, ಪೀರಪ್ಪನ ಮನೆಯ ಕಡೆ ನಡೆದ.

ಪೀರಪ್ಪ ಇಪ್ಪತ್ತಮೂರು ವರ್ಷ ರೈಲ್ವೆಯಲ್ಲಿ ದುಡಿದವನು. ೧೯೭೧ರಲ್ಲಿ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಬಾಯ್ಲರಿಗೆ ಕಲ್ಲಿದ್ದಲು ಎಸೆದು, ಯಾರ್ಡಿನಲ್ಲಿ ಶಂಟಿಂಗ್ ಮಾಡಿ, ಕೊನೆಗೆ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದ. ೧೯೯೪ರಲ್ಲಿ ಎಡಗೈ ಬೆರಳುಗಳು ಬಲ ಕಳೆದುಕೊಂಡಾಗ ಎಂಜಿನ್ ಓಡಿಸಲು ಅನರ್ಹನೆಂದು ಬರೆದು ಮನೆಗೆ ಕಳಿಸಿದರು. ಆಗ ಅವನಿಗೆ ನಲವತ್ತನಾಲ್ಕು. ಮಕ್ಕಳಿಲ್ಲದ ಗಂಡ ಹೆಂಡತಿ ಹುಟ್ಟೂರಿಗೆ ಬಂದು ಪಡಸಾಲೆ, ಅಡುಗೆಮನೆ ಇದ್ದ ಎರಡು ಕೋಣೆಯ ಮನೆಯಲ್ಲಿ ನೆಲೆಸಿದರು. ಅಫಜಲಪುರಕ್ಕೆ ರೈಲಿಲ್ಲ. ಗಾಡಿಯ ಸದ್ದು ಕೇಳಬೇಕೆಂದರೆ ಬಸ್ ಹತ್ತಿ ಗಾಣಗಾಪುರ ಸ್ಟೇಷನ್ನಿಗೆ ಹೋಗಬೇಕು.

ಹೋಗುವ ಅಗತ್ಯ ಪೀರಪ್ಪನಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಅವನ ಪಡಸಾಲೆಯ ಮುಕ್ಕಾಲು ಪಾಲನ್ನು ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಹಲಗೆ ತುಂಬಿಕೊಂಡಿತ್ತು. ಅದರ ಮೇಲೆ ಮೊಟ್ಟೆಯಾಕಾರದಲ್ಲಿ ಸುತ್ತುವ ಒಂಟಿ ಹಳಿ. ಒಂದು ಬದಿಗೆ ಸ್ಟೇಷನ್. ಅಲ್ಲಿ ಮಾತ್ರ ಹಳಿ ಎರಡಾಗಿ ಮತ್ತೆ ಒಂದಾಗುತ್ತಿತ್ತು. ನೇರ ಹೋಗುವುದು ಮೇನ್ ಲೈನ್, ಪಕ್ಕಕ್ಕೆ ಸರಿದು ನಿಲ್ಲುವುದು ಲೂಪ್ ಲೈನ್. ಎಂಜಿನ್ನು, ಬೋಗಿಗಳೆಲ್ಲ ನಿಜವಾದದ್ದರ ಎಪ್ಪತ್ತಾರರಲ್ಲಿ ಒಂದು ಪಾಲು. ಇವನ್ನು ವರ್ಷಕ್ಕೊಂದರಂತೆ ಕಳಿಸಿದವನು ಟ್ರೆವರ್ ಎಂಬ ಇಂಗ್ಲಿಷಿನವನು. ಉಗಿ ಎಂಜಿನ್ನುಗಳು ಮುಗಿದುಹೋಗುವ ಮುನ್ನ ಫೋಟೋ ಹಿಡಿಯಲೆಂದು ೧೯೮೬ರಲ್ಲಿ ಬಂದಿದ್ದವನು ಪೀರಪ್ಪನ ಎಂಜಿನ್ನಿನ ಹತ್ತಿರ ನಿಂತು ಚಹಾ ಕುಡಿದು ಹೋಗಿದ್ದ. ಆ ಗುರುತನ್ನು ಬಿಡಲಿಲ್ಲ.

ಹಲಗೆಯ ವೈರಿಂಗೆಲ್ಲ ಕಲ್ಯಾಣಪ್ಪನದು. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನವರು; ಅಂದಿನಿಂದ ಪೀರಪ್ಪ ಅವನನ್ನು ವಿಭೂತಿ ಎಂಬ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದ.

"ಬಾರಲೇ ವಿಭೂತಿ," ಎಂದ ಪೀರಪ್ಪ, ಗೋಡೆಗೆ ಒರಗಿ ಕೂತಲ್ಲಿಂದಲೇ. "ಕರೆಂಟ್ ಹೋದ್ರ ಮಾತ್ರ ನನ್ನ ನೆನಪಾಗ್ತದ ನಿನಗ."

"ದಿನಾ ಹೋಗ್ತದಲ್ಲ, ದಿನಾ ಬರ್ತೇನಿ," ಎಂದು ಕಲ್ಯಾಣಪ್ಪ ಪತ್ರ ತೆಗೆದ. ಒಡೆದು ಅವನ ಮಂಡಿಯ ಮೇಲೆ ಹರಡಿದ. ಈಗೀಗ ಪೀರಪ್ಪನಿಗೆ ಕಾಗದ ಬಿಡಿಸಲು ಆಗುತ್ತಿರಲಿಲ್ಲ. ಓದುವುದು ಅವನೇ, ರೈಲ್ವೆಯ ನಿಯಮ ಪುಸ್ತಕದಿಂದ ಕಲಿತ ಇಂಗ್ಲಿಷು, ನಿಧಾನ, ಆದರೆ ತಪ್ಪಿಲ್ಲ.

ಪತ್ರದ ವಿಷಯ ಇದು. ಪೀರಪ್ಪ ಬಹಳ ದಿನಗಳಿಂದ ಕೇಳುತ್ತಿದ್ದ ಡಿಜಿಟಲ್ ಕಂಟ್ರೋಲು ಈಗ ಹೊಸಬರಿಗೂ ಸಿಗುವಂತಾಗಿದೆ. ಟ್ರೆವರನ ಮಾದರಿ ರೈಲಿನ ಕ್ಲಬ್ಬಿನಲ್ಲಿ ಇಬ್ಬರು ದೊಡ್ಡದಕ್ಕೆ ಬದಲಾಯಿಸಿ ತಮ್ಮ ಮೊದಲ ಸೆಟ್ಟುಗಳನ್ನು ಬಿಟ್ಟುಕೊಟ್ಟಿದ್ದಾರೆ. ಎರಡರಲ್ಲಿ ಒಂದು ಪೀರಪ್ಪನಿಗೆ ಉಡುಗೊರೆ. ಯಾವುದು ಬೇಕೆಂದು ಬರೆಯಬೇಕು. ಸೆಪ್ಟೆಂಬರ್ ಕೊನೆಯವರೆಗೆ ಎರಡನ್ನೂ ಇಟ್ಟುಕೊಂಡಿರುತ್ತೇನೆ, ಆಮೇಲೆ ಉಳಿದದ್ದು ಕ್ಲಬ್ಬಿನ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಟ್ರೆವರ್ ಬರೆದಿದ್ದ.

ಪೀರಪ್ಪನಿಗೆ ಇದು ಯಾಕೆ ಬೇಕಿತ್ತೆಂದರೆ ಅವನ ಬಳಿಯಿದ್ದ ಹಳೆಯ ಪದ್ಧತಿಯಲ್ಲಿ ಆಜ್ಞೆ ಹೋಗುವುದು ಎಂಜಿನ್ನಿಗಲ್ಲ, ಹಳಿಗೆ. ಹಳಿಗೆ ಕರೆಂಟು ಕೊಟ್ಟರೆ ಅದರ ಮೇಲಿದ್ದ ಎಂಜಿನ್ನುಗಳೆಲ್ಲ ಓಡುತ್ತವೆ. ಒಂದನ್ನು ನಿಲ್ಲಿಸಬೇಕಾದರೆ ಅದು ನಿಂತ ಹಳಿಯ ಕರೆಂಟನ್ನೇ ಕತ್ತರಿಸಬೇಕು. ಕಲ್ಯಾಣಪ್ಪ ಲೂಪ್ ಲೈನಿಗೆ ಅಂಥ ಒಂದು ಸ್ವಿಚ್ಚು ಹಾಕಿಕೊಟ್ಟಿದ್ದ. ಪೀರಪ್ಪನಿಗೆ ಅದು ಸೇರಲಿಲ್ಲ. "ಲೂಪ್‌ನಾಗ ನಿಂತ ಎಂಜಿನ್ ಸತ್ತಿರಂಗಿಲ್ಲಲೇ. ದೀಪ ಉರೀತಿರ್ತದ, ಗುರ್ ಅಂತಿರ್ತದ. ನೀ ಕರೆಂಟ್ ತಗದು ಕೊಲ್ಲಾಕತ್ತಿ," ಎಂದಿದ್ದ. ಡಿಜಿಟಲ್ಲಿನಲ್ಲಿ ಹಳಿಗೆ ಕರೆಂಟು ಸದಾ ಇರುತ್ತದೆ, ಆಜ್ಞೆಯೂ ಅದರೊಂದಿಗೇ ಹರಿಯುತ್ತದೆ. ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ. ಎಂಜಿನ್ನಿನೊಳಗೆ ಕೂಡಿಸಿದ ಡಿಕೋಡರ್ ಎಂಬ ಬೆರಳಗಲದ ಬಿಲ್ಲೆ ತನ್ನ ಸಂಖ್ಯೆ ಬಂದಾಗ ಮಾತ್ರ ಕೇಳುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ನು ಎರಡು ವೇಗದಲ್ಲಿ ಓಡಬಹುದು. ಒಂದು ದೀಪ ಉರಿಸಿಕೊಂಡು ನಿಂತಿರಬಹುದು.

ಅವನಿಗೆ ಬೇಕಾದದ್ದು ಒಂದೇ. ಗೂಡ್ಸ್ ಡ್ರೈವರಾಗಿದ್ದಷ್ಟು ಕಾಲ ಅವನ ಗಾಡಿಯನ್ನು ಲೂಪಿಗೆ ಹಾಕಿ ಪ್ರಯಾಣಿಕರ ಮೇಲ್ ಗಾಡಿಯನ್ನು ಮೇನ್ ಲೈನಿನಲ್ಲಿ ಬಿಡುತ್ತಿದ್ದರು. ಒಂದು ಗಂಟೆ, ಎರಡು ಗಂಟೆ, ಒಮ್ಮೆ ಏಳು ಗಂಟೆ ಕಾದದ್ದುಂಟು. ಒಂದೇ ಒಂದು ಸಲ ಮೇಲ್ ಲೂಪಿನಲ್ಲಿ ನಿಲ್ಲಬೇಕು, ಎದುರಿನಿಂದ ಅವನ ಗೂಡ್ಸ್ ಮೇನ್ ಲೈನಿನಲ್ಲಿ ಬಂದು ದಾಟಬೇಕು. ಎರಡನ್ನೂ ಅವನೇ, ತನ್ನ ಕೈಯಿಂದ, ಓಡಿಸಬೇಕು.

"ಮೊದಲನೇದು ನಾಬ್ ಇದ್ದದ್ದು," ಎಂದು ಪೀರಪ್ಪ ಓದಿದ. "ರೇಡಿಯೊ ಗತ್ಲೆ ತಿರಗಸೂದು. ಹತ್ತು ಎಂಜಿನ್ ತನಕಾ ನಡೀತದ. ಎರಡನೇದು ಕೈಯಾಗ ಹಿಡಿಯೂದು, ಬರೇ ಬಟನ್. ಒಂದು ಒತ್ತಿದ್ರ ಜೋರು, ಒಂದು ಒತ್ತಿದ್ರ ಸಾವಕಾಶ. ತೊಂಬತ್ತೊಂಬತ್ತು ಎಂಜಿನ್."

"ಎರಡಕ್ಕೂ ಡಿಕೋಡರ್ ಒಂದ ನಡೀತಾವೇನು?"

"ನಡೀತಾವಂತ. ಎಲ್ಲಾ ಕಂಪನಿಗಳೂ ಒಂದ ಭಾಷಾ ಮಾಡ್ಕೊಂಡಾವಂತ." ಪೀರಪ್ಪ ಮುಂದಿನ ಸಾಲನ್ನು ಎರಡು ಸಲ ಓದಿದ. "ನಾಬಿನ್ದ್ರಾಗ ಒಂದು ಎಂಜಿನ್ ಬಿಟ್ಟು ಇನ್ನೊಂದು ಹಿಡದಾಗ, ನಾಬ್ ಎಲ್ಲಿ ನಿಂತಿರ್ತದೋ ಆ ಸ್ಪೀಡಿಗೆ ಎರಡನೇದು ಜಿಗೀತದಂತ. ಜಲ್ದಿ ತಿರಗಸಿ ಸರಿ ಮಾಡ್ಬೇಕಂತ. ಹಗುರ ಕೈ ಬೇಕಂತ. ಬಟನ್ದು ಹಂಗಿಲ್ಲ, ಯಾವ ಎಂಜಿನ್ ಎಷ್ಟು ಸ್ಪೀಡಿನಾಗ ಅದ ಅಂತ ಅದ ನೆನಪಿಟ್ಕೋತದ."

"ಬಟನ್ದ ತರಸು," ಎಂದ ಕಲ್ಯಾಣಪ್ಪ.

"ಥೂ! ಬಟನ್ ಒತ್ತಿ ಗಾಡಿ ಓಡಸ್ಲಿ ಏನು? ಕರೆಗಂಟಿ ಏನದು? ಎಂಜಿನ್ನಿನ ರೆಗ್ಯುಲೇಟರ್ ಹಿಡದ ಕೈ ಇದು, ಲೇ. ನಾಬ್ ಬರಿ."

ಬಟನ್ನೇ ಯಾಕೆ ಎಂಬುದರ ನಿಜವಾದ ಕಾರಣ ಕಲ್ಯಾಣಪ್ಪನಿಗೆ ಗೊತ್ತಿತ್ತು. ಅದನ್ನು ಹೇಳುವಂತಿರಲಿಲ್ಲ.

ಒಂಬತ್ತು ತಿಂಗಳ ಹಿಂದೆ, ೧೯೯೪ರ ನವೆಂಬರಿನಲ್ಲಿ, ಅವನು ಪೀರಪ್ಪನನ್ನು ಸೋಲಾಪುರದ ಒಬ್ಬ ನರರೋಗ ತಜ್ಞರ ಬಳಿ ಕರೆದೊಯ್ದಿದ್ದ. ತಜ್ಞರು ಬೆರಳು, ನಾಲಿಗೆ, ಮಂಡಿ ನೋಡಿ, ಪೀರಪ್ಪನನ್ನು ಹೊರಗೆ ಕೂರಿಸಿ, ಕಲ್ಯಾಣಪ್ಪನನ್ನು ಒಳಗೆ ಕರೆದರು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳೇ ಒಂದೊಂದಾಗಿ ಸಾಯುವ ರೋಗ ಇದು, ಔಷಧವಿಲ್ಲ, ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು ಮತ್ತು ನುಂಗುವುದು, ಕೊನೆಗೆ ಉಸಿರು ಎಂದರು. ಮೂರು ವರ್ಷಕ್ಕಿಂತ ಹೆಚ್ಚು ಬದುಕಿದವರು ಕಡಿಮೆ ಎಂದೂ ಹೇಳಿದರು. ರೋಗಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು ಎಂದರು. ಈ ಕಡೆಯ ರೂಢಿಯೇ ಅದು. ದೊಡ್ಡ ರೋಗದ ಹೆಸರನ್ನು ವೈದ್ಯರು ಜೊತೆಗೆ ಬಂದವರಿಗೆ ಹೇಳುತ್ತಾರೆ. ಜೊತೆಗೆ ಬಂದವರು ಯಾರಿಗೂ ಹೇಳುವುದಿಲ್ಲ. ಕಲ್ಯಾಣಪ್ಪ ಹೊರಗೆ ಬಂದು, "ನರದ ಅಶಕ್ತಿ ಅಂತ. ಗುಣ ಆಗಾಕ ಟೈಂ ಹಿಡೀತದ," ಎಂದ. ಪೀರಪ್ಪನ ಹೆಂಡತಿ ಚಂದಮ್ಮನಿಗೂ ಅಷ್ಟನ್ನೇ ಹೇಳಿದ. ಶಕ್ತಿಯ ಗುಳಿಗೆಗಳನ್ನು ತಿಂಗಳು ತಿಂಗಳು ತಂದುಕೊಟ್ಟ.

ಈಗ ಬಟನ್ನೇ ಯಾಕೆ ಎಂದು ಹೇಳಬೇಕಾದರೆ, ಪಾರ್ಸೆಲ್ಲು ಹಡಗಿನಲ್ಲಿ ಬರಲು ನಾಲ್ಕು ತಿಂಗಳು ಬೇಕು, ನಾಲ್ಕು ತಿಂಗಳ ಮೇಲೆ ನಿನ್ನ ಬಲಗೈಯೂ ಎಡಗೈಯಂತಾಗಿರುತ್ತದೆ ಎಂದು ಹೇಳಬೇಕಿತ್ತು. ಅವನು ಬೇರೆ ಕಾರಣ ಹುಡುಕಿದ.

"ಬಟನ್ದು ಹೊಸಾದು. ತೊಂಬತ್ತೊಂಬತ್ತು ಎಂಜಿನ್ ನಡೀತಾವ."

"ನನ್ನ ಹಂತ್ಯಾಕ ಇರೂವೇ ಎರಡು. ಉಳಿದ ತೊಂಬತ್ತೇಳು ಎಂಜಿನ್ ನಿನ್ನ ಅಂಗಡ್ಯಾಗ ಇಡಾವೇನು?"

"ಕೈಯಾಗ ಹಿಡ್ಕೊಂಡು ಹಲಗಿ ಸುತ್ತ ಅಡ್ಡಾಡಬಹುದು."

"ಡ್ರೈವರ್ ಕ್ಯಾಬಿನ್ಯಾಗ ಇರ್ಬೇಕು. ಹಳಿ ಗುಂಟ ಅಡ್ಡಾಡವ ಗ್ಯಾಂಗ್‌ಮನ್." ಪೀರಪ್ಪ ನಕ್ಕ. "ಮತ್ತ ನೀನ ಹೇಳ್ತಿದ್ದಿಲ್ಲೇನು, ಬಟನ್ ಇದ್ದ ಸಾಮಾನು ತರಬ್ಯಾಡ್ರಿ, ನಮ್ಮ ಧೂಳಿಗೆ ಆರು ತಿಂಗಳದಾಗ ಹೋಗ್ತಾವ, ನಾಬ್ ಆದ್ರ ಹತ್ತು ವರ್ಷ, ಕೆಟ್ರೂ ಹೊಸಾದು ಹಾಕಿ ಕೊಡ್ತೇನಿ ಅಂತ? ಇಡೀ ತಾಲೂಕಿಗೆ ಹೇಳಿದ್ದು ನನಗ ಸುಳ್ಳಾತೇನು?"

ಅದು ಕಲ್ಯಾಣಪ್ಪನ ಮಾತೇ. ಇಪ್ಪತ್ತು ವರ್ಷ ಅವನು ಯಾರಿಗೆ ಏನನ್ನು ಆರಿಸಿಕೊಟ್ಟರೂ ನೋಡುತ್ತಿದ್ದದ್ದು ಒಂದೇ: ಇದು ಅಫಜಲಪುರದಲ್ಲಿ ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ನನ್ನ ಕೈಯಲ್ಲಿ ರಿಪೇರಿ ಆಗುತ್ತದೋ ಇಲ್ಲವೋ. ಆ ಲೆಕ್ಕದಲ್ಲಿ ನಾಬೇ ಸರಿ.

ಚಂದಮ್ಮ ಅಡುಗೆಮನೆಯ ಬಾಗಿಲಲ್ಲಿ ಜೋಳದ ಹಿಟ್ಟು ಸೋಸುತ್ತ ಕೂತಿದ್ದಳು. ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದವಳು, ರೊಟ್ಟಿ ಮುರಿದು ತಟ್ಟೆಯಲ್ಲಿಡುತ್ತಿದ್ದವಳು ಅವಳು. ತಲೆಯೆತ್ತದೆ ಹೇಳಿದಳು:

"ಬಟನ್ದ ತರಸ್ರಿ ಅಣ್ಣಾ."

"ನೀ ಯಾವಾಗ ಡ್ರೈವರ್ ಆದಿ ಬೇ?" ಎಂದ ಪೀರಪ್ಪ.

ಅವಳು ಜರಡಿ ನಿಲ್ಲಿಸಿದಳು. ಕಲ್ಯಾಣಪ್ಪನನ್ನು ಒಮ್ಮೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ಉತ್ತರ ಬರೆಯಲು ಪೀರಪ್ಪನ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಅವನು ಇಂಗ್ಲಿಷಿನಲ್ಲಿ ಹೇಳಿದ, ಕಲ್ಯಾಣಪ್ಪ ಬರೆದ. ನಾಬ್ ಇರುವ ಸೆಟ್ಟು ಕಳಿಸಿ ಎಂಬ ಸಾಲು ಬಂದಾಗ ಒಂದು ಕ್ಷಣ ಪೆನ್ನು ನಿಂತಿತು. ಬೇರೆಯದನ್ನು ಬರೆದರೆ ಪಾರ್ಸೆಲ್ಲು ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇನ್ನೊಬ್ಬರ ಪತ್ರದಲ್ಲಿ ಅವರು ಹೇಳದ್ದನ್ನು ಬರೆಯುವುದು ಮೋಸ ಎಂದು ಅವನ ಮನಸ್ಸು ಹೇಳಿತು. ಹೇಳಿದಂತೆಯೇ ಬರೆದ. ಮರುದಿನ ಬೆಳಿಗ್ಗೆ ಅಂಚೆಗೆ ಹಾಕಿದ.

ಸೆಪ್ಟೆಂಬರ್ ಮುಗಿಯುವವರೆಗೆ ಇನ್ನೊಂದು ಪತ್ರ ಬರೆಯಲು ಅವಕಾಶವಿತ್ತು. ಆ ತಿಂಗಳ ಎರಡನೆಯ ವಾರ ಪೀರಪ್ಪನ ಬಲಗೈಯ ಹೆಬ್ಬೆರಳಿನ ಬುಡವೂ ಎಡಗೈಯದರಂತೆ ಸೊರಗಿ ಹಳ್ಳ ಬಿದ್ದದ್ದನ್ನು ಕಲ್ಯಾಣಪ್ಪ ನೋಡಿದ. ಅಂಚೆ ಕಚೇರಿಗೆ ಹೋಗಿ ವಿದೇಶಕ್ಕೆ ಬರೆಯುವ ಏರೋಗ್ರಾಮ್ ಕಾಗದವನ್ನೂ ತಂದ. ಅಂಗಡಿಯ ಡ್ರಾಯರಿನಲ್ಲಿ, ಹಳೆಯ ರೇಡಿಯೊ ವಾಲ್ವುಗಳ ಪಕ್ಕದಲ್ಲಿ ಅದು ಖಾಲಿಯಾಗಿಯೇ ಉಳಿಯಿತು.

ಪಾರ್ಸೆಲ್ಲು ೧೯೯೬ರ ಜನವರಿ ೧೭ರಂದು ಬಂತು. ಪೋಸ್ಟ್‌ಮನ್ ಹಣಮಂತರಾಯ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು, "ವಿಲಾಯತಿ ಮಾಲ್ ಅದ, ಸಾವಕಾಶ," ಎಂದು ತಾನೇ ಹಲಗೆಯ ಪಕ್ಕ ಇಳಿಸಿದ. ಒಳಗೆ ಇಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ, ನಡುವೆ ನಾಬು, ಕೆಳಗೆ ಎಂಜಿನ್ ಆರಿಸುವ ಹತ್ತು ಸಣ್ಣ ಒತ್ತುಗುಂಡಿ. ಬೇರೆ ಪೊಟ್ಟಣದಲ್ಲಿ ಎರಡು ಡಿಕೋಡರು.

ಕಲ್ಯಾಣಪ್ಪ ಎಂಜಿನ್ನುಗಳನ್ನು ಅಂಗಡಿಗೆ ಒಯ್ದು ಮೂರು ದಿನ ಕೂತ. ಡಿಕೋಡರ್ ಹಾಕುವ ಮೊದಲು ಮೋಟಾರಿನ ಎರಡೂ ತುದಿಗಳನ್ನು ಎಂಜಿನ್ನಿನ ಲೋಹದ ಮೈಯಿಂದ ಬಿಡಿಸಬೇಕು. ಒಂದು ಎಳೆ ತಗುಲಿದರೂ ಬಿಲ್ಲೆ ಸುಟ್ಟುಹೋಗುತ್ತದೆ. ಕೆಂಪು, ಕಪ್ಪು ತಂತಿ ಹಳಿಯ ಕಡೆಗೆ. ಕಿತ್ತಳೆ, ಬೂದು ತಂತಿ ಮೋಟಾರಿಗೆ. ಮೀಟರ್ ಇಟ್ಟು ನಾಲ್ಕು ಸಲ ನೋಡಿದ. ಗೂಡ್ಸಿನ ಕಪ್ಪು ಉಗಿ ಎಂಜಿನ್ನಿಗೆ ಮೂರನೇ ಸಂಖ್ಯೆ ಕೊಟ್ಟ, ಮೇಲ್ ಗಾಡಿಯ ಡೀಸೆಲ್ಲಿಗೆ ಏಳು. ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ನಾಲ್ವರು ಸೇರಿದರು. ನಾಲ್ಕನೆಯವಳು ಪಕ್ಕದ ಮನೆಯ ಗೌಸಿಯಾಬೇಗಂ.

"ಇಲೆಕ್ಷನ್ ಬಂದಾಗೊಮ್ಮೆ ಎಲ್ಲಾರೂ ರೈಲ್ ತರ್ತೇವಿ ಅಂತಾರ," ಎಂದಳು ಅವಳು. "ಅಫಜಲಪುರಕ್ಕ ಖರೇ ರೈಲ್ ತಂದವ ನಮ್ಮ ಪೀರಪ್ಪಭಾಯಿ ಒಬ್ಬನ."

"ಟಿಕೇಟ್ ತಗೊಂಡೀರೇನು ಬಾಯಿ?" ಎಂದ ಪೀರಪ್ಪ.

ಅವನನ್ನು ಕುರ್ಚಿಯಲ್ಲಿ ಹಲಗೆಗೆ ಹತ್ತಿರ ಕೂರಿಸಿದ್ದರು. ಬಲಗೈಯನ್ನು ಚಂದಮ್ಮ ಎತ್ತಿ ಪೆಟ್ಟಿಗೆಯ ಮೇಲಿಟ್ಟಳು. ಬೆರಳುಗಳು ನಾಬಿನ ಸುತ್ತ ಮಡಚಿಕೊಳ್ಳಲಿಲ್ಲ. ಅಂಗೈಯ ಅಂಚಿನಿಂದ ನೂಕಿದರೆ ಮಾತ್ರ ಅದು ತಿರುಗುತ್ತಿತ್ತು, ಅದೂ ಒಂದೇ ದಿಕ್ಕಿಗೆ, ಜೋರಿನ ಕಡೆಗೆ. ಹಿಂದಕ್ಕೆ ತರಲು ಮೊಣಕೈಯನ್ನು ಇಡಿಯಾಗಿ ಎಳೆಯಬೇಕಿತ್ತು.

ಅವನು ಬೆರಳಗೆಣ್ಣಿನಿಂದ ಮೂರನ್ನು ಒತ್ತಿದ. ನಾಬು ನೂಕಿದ. ಹಲಗೆಯ ಆಚೆ ತುದಿಯಲ್ಲಿ ಗೂಡ್ಸ್ ಹೊರಟಿತು. ಏಳು ವ್ಯಾಗನ್ನುಗಳು ಒಂದರ ಹಿಂದೊಂದು ಸರಪಳಿ ಬಿಗಿಸಿಕೊಂಡವು. ಪೀರಪ್ಪನ ಮುಖದ ಮೇಲೆ ನಗೆ ಬಂತು. ಏಳನ್ನು ಒತ್ತಿದ. ಮೇಲ್ ಗಾಡಿ ಸ್ಟೇಷನ್ನಿನ ಹೊರಗೆ ದೀಪ ಹೊತ್ತಿಸಿಕೊಂಡು ನಿಂತಿತ್ತು. ಕೈ ನಾಬಿಗೆ ತಾಗಿದ ಕೂಡಲೇ ಅದು ಗೂಡ್ಸಿನ ವೇಗಕ್ಕೇ ಜಿಗಿಯಿತು. ಲೂಪಿಗೆ ನುಗ್ಗಿತು.

"ಹಿಂದಕ್ಕ ತಿರಗಸು!" ಎಂದ ಕಲ್ಯಾಣಪ್ಪ.

ಪೀರಪ್ಪ ಮೊಣಕೈ ಎಳೆದ. ಅಂಗೈ ಜಾರಿತು. ಮತ್ತೆ ಎಳೆದ. ಮೇಲ್ ನಿಲ್ಲಬೇಕಾದ ಜಾಗ ದಾಟಿ, ಲೂಪ್ ದಾಟಿ, ಒಂಟಿ ಹಳಿಗೆ ಬಂತು. ಕಲ್ಯಾಣಪ್ಪ ಪ್ಲಗ್ಗಿಗೆ ಕೈ ಹಾಕುವಷ್ಟರಲ್ಲಿ ಎರಡು ಎಂಜಿನ್ನು ಎದುರುಬದುರಾಗಿ ಬಡಿದುಕೊಂಡವು. ಶಬ್ದ ದೊಡ್ಡದೇನಲ್ಲ, ತಟ್ಟೆಯ ಮೇಲೆ ಲೋಟ ಬಿದ್ದಷ್ಟು. ಎರಡು ವ್ಯಾಗನ್ನು ಹಲಗೆಯಿಂದ ಕೆಳಗೆ ಬಿದ್ದವು.

ಗೌಸಿಯಾಬೇಗಂ "ಯಾ ಅಲ್ಲಾ" ಎಂದು ವ್ಯಾಗನ್ ಎತ್ತಿಟ್ಟಳು. ಆಮೇಲೆ ಮನೆಯಲ್ಲಿ ಹಾಲಿಟ್ಟು ಬಂದಿದ್ದೇನೆಂದು ಹೊರಟುಹೋದಳು.

"ಏನೂ ಆಗಿಲ್ಲ. ನಾಳೆ ನಾಬ್ ತಗದು ಬಟನ್ ಕೂಡಸ್ತೇನಿ," ಎಂದ ಕಲ್ಯಾಣಪ್ಪ. "ದೊಡ್ಡ ಬಟನ್. ಮೊಣಕೈಲೆ ಒತ್ತೂವಂಥಾದ್ದು."

"ನಾಳೆದ್ದು ಬ್ಯಾಡ. ಸೋಲಾಪುರದ್ದು ಹೇಳು."

"ಏನು ಸೋಲಾಪುರದ್ದು?"

"ನಾ ಬೆಂಚಿನ ಮ್ಯಾಲ ಕೂತಿದ್ದೆ. ನೀ ಇಪ್ಪತ್ತು ಮಿನಿಟ್ ಒಳಗಿದ್ದಿ. ಅಶಕ್ತಿ ಅಂತ ಹೇಳಾಕ ಯಾವ ಡಾಕ್ಟರ್ ಇಪ್ಪತ್ತು ಮಿನಿಟ್ ತಗೋತಾನ?" ಪೀರಪ್ಪನ ದನಿ ಏರಿರಲಿಲ್ಲ. "ಆಗಸ್ಟಿನ್ಯಾಗ ನೀ ಬಟನ್ ಬಟನ್ ಅಂದಿ. ಹುಟ್ಟಿದಾಗಿಂದ ಬಟನ್ ಬೈದ ಮನಷ್ಯಾ. ಇವಗೇನಾತಲೇ ಅಂದ್ಕೊಂಡೆ. ಈಗ ತಿಳೀತು. ಹೇಳು."

ಚಂದಮ್ಮ ಕೆಳಗೆ ಬಿದ್ದಿದ್ದ ಒಂದು ಚಕ್ರದ ಜೋಡಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

ಕಲ್ಯಾಣಪ್ಪ ಹೇಳಿದ. ಕೈ, ಕಾಲು, ಮಾತು, ನುಂಗುವುದು. ಗುಳಿಗೆಗಳು ಬರೀ ಶಕ್ತಿಯವು ಎಂದೂ ಹೇಳಿದ. ವೈದ್ಯರು ಹೇಳಿದ ಕ್ರಮದಲ್ಲೇ ಹೇಳಿದ; ಉಸಿರಿನ ಮಾತು ಬಂದಾಗ ಅಲ್ಲಿಗೇ ನಿಲ್ಲಿಸಿದ.

"ಎಷ್ಟು ದಿನ?"

"ಅದು ಡಾಕ್ಟರಿಗೂ ಗೊತ್ತಿಲ್ಲ."

ಪೀರಪ್ಪ ಬಡಿದುಕೊಂಡು ನಿಂತ ಎಂಜಿನ್ನುಗಳ ಕಡೆ ತಿರುಗಿದ. ಆಮೇಲೆ ಕೇಳಿದ:

"ಕಾಷನ್ ಆರ್ಡರ್ ಅಂದ್ರ ಗೊತ್ತದೇನು ನಿನಗ?"

ಕಲ್ಯಾಣಪ್ಪನಿಗೆ ಗೊತ್ತಿತ್ತು. ಪೀರಪ್ಪನೇ ಎಷ್ಟೋ ಸಲ ಹೇಳಿದ್ದ. ಮುಂದೆ ಹಳಿ ಕಿತ್ತಿದ್ದರೆ, ಸೇತುವೆ ಬಲಹೀನವಾಗಿದ್ದರೆ, ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ಎಷ್ಟು ವೇಗದಲ್ಲಿ ಹೋಗಬೇಕೆಂದು ಬರೆದ ಚೀಟಿ ಅದು. ಸ್ಟೇಷನ್ ಮಾಸ್ತರ ಅದನ್ನು ಡ್ರೈವರಿನ ಕೈಗೆ ಕೊಟ್ಟು ಸಹಿ ತೆಗೆದುಕೊಂಡ ಮೇಲೆಯೇ ಗಾಡಿ ಬಿಡಬೇಕು.

"ಸಣ್ಣ ಸ್ಟೇಷನ್ನಿನ ಮಾಸ್ತರ್ ಇರ್ತಾನ, ಅಕ್ಷರ ನೆಟ್ಟಗ ಬರ್ಯಾಕ ಬರಂಗಿಲ್ಲ," ಎಂದ ಪೀರಪ್ಪ. "ಅವನೂ ಕೊಡ್ತಾನಲೇ. ಡ್ರೈವರ್ ಅಂಜ್ತಾನ ಅಂತ ಚೀಟಿ ಜೇಬಿನ್ಯಾಗ ಇಟ್ಕೊಳ್ಳಂಗಿಲ್ಲ. ಹದಿನಾಲ್ಕು ತಿಂಗಳು ಗುಣ ಆಗ್ತೇನಿ ಅಂತ ಲೂಪಿನ್ಯಾಗ ನಿಂತು ಕಾದೇನಿ ನಾನು. ಕೈ ಇದ್ದಾಗ ಏನ್ ಮಾಡೂದಿತ್ತೋ ಅದನ್ನ ಮಾಡ್ತಿದ್ನಲ್ಲ. ಗೊತ್ತಿದ್ರ ಬಟನ್ದ ತರಸ್ತಿದ್ನಲ್ಲ."

"ನಿನಗ ತ್ರಾಸ್ ಆಗ್ತದ ಅಂತ..."

"ತ್ರಾಸ್ ಆಗ್ತಿತ್ತು," ಎಂದ ಪೀರಪ್ಪ. "ಮನಿಗೆ ಹೋಗು ಈಗ."

ಕಲ್ಯಾಣಪ್ಪ ಎರಡು ವಾರ ಆ ಓಣಿಗೆ ಹೋಗಲಿಲ್ಲ. ಮಧ್ಯ ಒಂದು ದಿನ ಟ್ರೆವರನಿಗೆ ಪತ್ರ ಬರೆದು ಬಟನ್ನಿನ ಸೆಟ್ಟಿನ ಬಗ್ಗೆ ಕೇಳಿದ. ಅದು ಅಕ್ಟೋಬರಿನಲ್ಲೇ ಇನ್ನೊಬ್ಬರಿಗೆ ಹೋಯಿತೆಂದು, ಮೊದಲೇ ತಿಳಿಸಿದ್ದರೆ ಅದನ್ನೇ ಕಳಿಸುತ್ತಿದ್ದೆನೆಂದು ಮಾರ್ಚಿನಲ್ಲಿ ಉತ್ತರ ಬಂತು. ಆದರೆ ಅಷ್ಟರಲ್ಲಿ ಬೇರೆಯದು ನಡೆದುಹೋಗಿತ್ತು.

ಫೆಬ್ರುವರಿ ಮೊದಲ ವಾರ ಚಂದಮ್ಮ ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಂತಳು.

"ಕರೀತಾರ ಬರ್ರಿ," ಎಂದಳು. "ಏನೂ ತರಬ್ಯಾಡ್ರಿ ಅಂದಾರ. ಸ್ಕ್ರೂಡ್ರೈವರ್ ಸುದ್ದ ಬ್ಯಾಡ ಅಂತ."

ಪೀರಪ್ಪ ಅದೇ ಕುರ್ಚಿಯಲ್ಲಿದ್ದ. ಕತ್ತು ಒಂದು ಕಡೆಗೆ ವಾಲದಂತೆ ದಿಂಬು ಇಟ್ಟಿದ್ದರು. ನಾಬಿನ ಪೆಟ್ಟಿಗೆ ಅವನ ಮುಂದಿರಲಿಲ್ಲ. ಹಲಗೆಯ ಇನ್ನೊಂದು ಬದಿಗೆ, ಚಂದಮ್ಮ ಕೂರುವ ಮಣೆಯ ಎದುರಿಗಿತ್ತು.

"ನೀ ಅಲ್ಲಿ ಕೂಡು," ಎಂದು ಕಲ್ಯಾಣಪ್ಪನಿಗೆ ಗೋಡೆಯ ಕಡೆ ಕಣ್ಣು ತೋರಿಸಿದ. "ಏನ ಆಗ್ಲಿ, ಮುಟ್ಟಬ್ಯಾಡ."

ಹತ್ತು ದಿನ ಅವಳಿಗೆ ಕಲಿಸಿದ್ದ. ಎಂಜಿನ್ ಬದಲಿಸಿದಾಗ ಜಿಗಿತ ಬರುತ್ತದೆಂದು ಈಗ ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಎಡಗೈಯಿಂದ ಸಂಖ್ಯೆ ಒತ್ತುವಾಗಲೇ ಬಲಗೈಯಿಂದ ನಾಬನ್ನು ಸೊನ್ನೆಗೆ ತಂದುಬಿಡುತ್ತಿದ್ದಳು. ಎರಡೂ ಒಂದೇ ಗಳಿಗೆಯಲ್ಲಿ. ಪೆನ್ನನ್ನೇ ಹೆಚ್ಚು ಹಿಡಿಯದಿದ್ದ ಆ ಬೆರಳುಗಳು ಮಶೀನಿನ ಮೇಲೆ ತಡವರಿಸಲಿಲ್ಲ.

"ಮೂರು. ಬಿಡು. ಅಷ್ಟ ಸಾಕು... ಏಳು. ಸಾವಕಾಶ. ಸಾವಕಾಶ ಬೇ, ಒಳಗ ಮಂದಿ ಕೂತಾರ. ಇನ್ನೊಂದೀಟು. ನಿಲ್ಸು."

ಮೇಲ್ ಲೂಪಿನಲ್ಲಿ ನಿಂತಿತು. ದೀಪ ಉರಿಯುತ್ತಿತ್ತು. ಎದುರಿನ ತಿರುವಿನಿಂದ ಗೂಡ್ಸ್ ಬಂತು. ಕಪ್ಪು ಎಂಜಿನ್, ಏಳು ವ್ಯಾಗನ್, ಕೊನೆಗೆ ಗಾರ್ಡಿನ ಡಬ್ಬಿ. ಮೇನ್ ಲೈನಿನಲ್ಲಿ, ಮೇಲ್ ಗಾಡಿಯ ಮೂರು ಬೋಗಿಗಳ ಪಕ್ಕದಲ್ಲಿ, ಅವಸರವಿಲ್ಲದೆ ಹೋಯಿತು. ಕಡೆಯ ಡಬ್ಬಿ ಸ್ಟೇಷನ್ ದಾಟಲು ಹನ್ನೊಂದು ಸೆಕೆಂಡು ಹಿಡಿಯಿತು.

"ಫಸ್ಟ್ ಕ್ಲಾಸಿನವರು ಬೈಯಾಕತ್ತಾರ ನೋಡು," ಎಂದು ಪೀರಪ್ಪ ನಕ್ಕ. "ಯಾವ ಮಗಾ ನಮ್ಮನ್ನ ನಿಲ್ಸ್ಯಾನ ಅಂತ."

ಚಂದಮ್ಮನೂ ನಕ್ಕಳು. ಅವಳು ನಕ್ಕದ್ದನ್ನು ಕಲ್ಯಾಣಪ್ಪ ಬಹಳ ದಿನಗಳ ಮೇಲೆ ನೋಡಿದ. ಪೀರಪ್ಪ ಮಾತ್ರ ಆಗ ಗಾಡಿ ನೋಡುತ್ತಿರಲಿಲ್ಲ. ನಾಬಿನ ಮೇಲಿದ್ದ ಅವಳ ಬೆರಳುಗಳನ್ನು ನೋಡುತ್ತಿದ್ದ.

"ಇನ್ನೊಮ್ಮೆ ಓಡಸ್ಲೇನ್ರಿ?" ಎಂದಳು.

"ಸಾಕು," ಎಂದ. ಕಲ್ಯಾಣಪ್ಪನ ಕಡೆ ತಿರುಗಿ, "ನನ್ನ ಕೈಲೆ ಆಗ್ಬೇಕಿತ್ತಲೇ," ಎಂದ.

ಕಲ್ಯಾಣಪ್ಪ ಮತ್ತೆ ದಿನವೂ ಬರತೊಡಗಿದ. ಅಂದಿನಿಂದ ಪೀರಪ್ಪ ಅವನಿಗೆ ಒಂದು ಕೆಲಸ ಹಚ್ಚಿದ: ಮುಂದೆ ಏನಾಗುತ್ತದೆಂದು ಮೊದಲೇ ಹೇಳುವುದು. ಕಲ್ಯಾಣಪ್ಪ ಎರಡು ತಿಂಗಳಿಗೊಮ್ಮೆ ಒಬ್ಬನೇ ಸೋಲಾಪುರಕ್ಕೆ ಹೋಗಿ, ತಜ್ಞರನ್ನು ಕೇಳಿ, ಬಂದು ಹಾಗೆಯೇ ಒಪ್ಪಿಸುತ್ತಿದ್ದ. ಮೇ ತಿಂಗಳಲ್ಲಿ, ಇನ್ನು ಕಾಲು ಬಲ ಕಳೆದುಕೊಳ್ಳುತ್ತವೆ ಎಂದ, ಜೂನಿನಲ್ಲಿ ಕಳೆದುಕೊಂಡವು. ಮಾತು ತೊದಲುವ ಮೊದಲು ಯಾರಿಗೆ ಏನು ಹೇಳಬೇಕೋ ಹೇಳಿಬಿಡು ಎಂದ. ಪೀರಪ್ಪ ಹಳೆಯ ಸಹಾಯಕ ಡ್ರೈವರುಗಳಿಗೆಲ್ಲ ಪತ್ರ ಬರೆಸಿದ. ಹಲಗೆಯನ್ನು ಗೋಡೆಗೆ ನಿಲ್ಲಿಸಿ, ಅದಿದ್ದ ಜಾಗದಲ್ಲಿ ತನ್ನ ಮಂಚ ಹಾಕಿಸಿದ. ಚಂದಮ್ಮನಿಗೆ ಯಾವ ರಾತ್ರಿ ಯಾವ ತಪ್ಪಿಗೆ ಬೈದಿದ್ದನೋ ಅವನ್ನೆಲ್ಲ ಒಂದೊಂದಾಗಿ ನೆನೆದು ಕ್ಷಮೆ ಕೇಳಿದನಂತೆ. ಅದನ್ನು ಅವಳು ಕಲ್ಯಾಣಪ್ಪನಿಗೆ ಹೇಳಿದಳು, ಯಾವ ತಪ್ಪುಗಳೆಂದು ಹೇಳಲಿಲ್ಲ.

ಅಕ್ಟೋಬರಿನ ಹೊತ್ತಿಗೆ ಅವನ ಮಾತು ಹೊರಗಿನವರಿಗೆ ತಿಳಿಯದಾಯಿತು. ಕಲ್ಯಾಣಪ್ಪನಿಗೂ. ಚಂದಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಅವನು ಗಂಟಲಿನಿಂದ ಹೊರಡಿಸಿದ ಸದ್ದನ್ನು ಅವಳು ಕೇಳಿ, ಮಾತು ಮಾಡಿ, ಕಲ್ಯಾಣಪ್ಪನಿಗೆ ಹೇಳುತ್ತಿದ್ದಳು. ಹೆಚ್ಚಿನವು ಸಣ್ಣ ಮಾತು: ಕಿಟಕಿ ತೆಗೆ, ಹಣಮಂತರಾಯ ಬಂದನೇ, ಇವತ್ತು ಅಂಗಡಿಯಲ್ಲಿ ಯಾರ ರೇಡಿಯೊ.

ದೀಪಾವಳಿಗೆ ಹತ್ತು ದಿನ ಇರುವಾಗ ಒಂದು ಮಧ್ಯಾಹ್ನ ಅವನು ಕಲ್ಯಾಣಪ್ಪನನ್ನೇ ನೋಡುತ್ತ ಏನೋ ಕೇಳಿದ. ಮೂರು ಸಲ ಕೇಳಿದ. ಕಲ್ಯಾಣಪ್ಪ ಚಂದಮ್ಮನತ್ತ ತಿರುಗಿದ. ಅವಳು ಗಂಡನ ಬಾಯಿ ಒರೆಸುತ್ತಿದ್ದಳು. ಒರೆಸಿ ಮುಗಿಸಿ, ಬಟ್ಟೆಯನ್ನು ಮಡಚಿ ಇಟ್ಟಳು. ಅವಳಿಗೆ ಮೊದಲ ಸಲವೇ ಅರ್ಥವಾಗಿತ್ತು.

"ಏನಂತ?" ಎಂದ ಕಲ್ಯಾಣಪ್ಪ.

"ಇನ್ನ ಎಷ್ಟು ದಿನ ಅಂತ ಡಾಕ್ಟರ್ ಖರೇ ಏನ್ ಹೇಳ್ಯಾರ, ಅದನ್ನ ಕೇಳಾಕತ್ತಾರ," ಎಂದಳು. ಎದ್ದು ಹೋಗಲಿಲ್ಲ. ಮಂಚದ ಅಂಚಿನಲ್ಲಿ, ಅವನ ಕಾಲಿನ ಬಳಿ, ತಾನೂ ಕೇಳಲು ಕೂತಳು.

ಪೀರಪ್ಪ ರೆಪ್ಪೆ ಮುಚ್ಚದೆ ನೋಡುತ್ತಿದ್ದ.

"ಮೊದಲ ದಿನಾನ ಹೇಳಿದ್ರು," ಎಂದ ಕಲ್ಯಾಣಪ್ಪ. "ಮೂರು ವರ್ಷ ಅಂತ. ಆಗಲೇ ಎರಡು ಆಗ್ಯಾವ. ಹೋದ ವಾರ ಮತ್ತ ಕೇಳ್ದೆ. ನಿನ್ನ ಉಸಿರು ಹೆಂಗದ ಅಂತ ಹೇಳಿದ ಮ್ಯಾಲ, ಅಷ್ಟೂ ಇಲ್ಲ, ಬ್ಯಾಸಿಗಿ ತನಕಾ ಅಂದ್ರು."

ಪೀರಪ್ಪ ಒಂದು ಸಣ್ಣ ಸದ್ದು ಮಾಡಿದ. ಈ ಸಲ ಚಂದಮ್ಮ ಅದನ್ನು ಮಾತು ಮಾಡಿ ಹೇಳಲಿಲ್ಲ, ಕಲ್ಯಾಣಪ್ಪನೂ ಕೇಳಲಿಲ್ಲ.